ಎರಡು ಕೈಯ ನಾಡಿ

ನಾನು ನರ್ಸ್. ಮುಪ್ಪು ಕೆಲವರಿಗೆ ಬೇಗ, ಕೆಲವರಿಗೆ ತಡವಾಗಿ ಯಾಕೆ ಬರುತ್ತದೆಂದು ತಿಳಿಯುವ ಅಧ್ಯಯನಕ್ಕಾಗಿ ವರ್ಷಕ್ಕೊಮ್ಮೆ ಆ ಅವಳಿ ಅಕ್ಕತಂಗಿಯರ ಮನೆಗೆ ಹೋಗುತ್ತಿದ್ದೆ. ಬಟ್ಟೆ ಗಿರಣಿಯಲ್ಲಿ ದುಡಿದ ತಂಗಿ, ಶಾಲೆಯಲ್ಲಿ ಪಾಠ ಹೇಳಿದ ಅಕ್ಕನಿಗಿಂತ ಹತ್ತು ವರ್ಷ ದೊಡ್ಡವರಂತೆ ಕಾಣುತ್ತಿದ್ದರು. ಕಳೆದ ವರ್ಷ ತಂಗಿ ತೀರಿಕೊಂಡರು.

ಈ ಸಲ ಮಟಮಟ ಮಧ್ಯಾಹ್ನ ಹೋದಾಗ ಅಕ್ಕ ಒಬ್ಬರೇ ಇದ್ದರು. ನಡಿಗೆಯ ವೇಗ ಅಳೆಯಲು ನಾಲ್ಕು ಮೀಟರ್ ನಡೆಸಿದೆ. ಅವರದು ಬರಿಗಾಲು. ಆದರೂ ಅವರು ನಿಂತ ಮೇಲೆ, ಹಿಂದಿನಿಂದ ಚಪ್ಪಲಿ ಎಳೆಯುವ ಸದ್ದು ಬಂದು ಪಕ್ಕದಲ್ಲಿ ನಿಂತಿತು.

"ಅವಳದ್ದು ಯಾವಾಗ್ಲೂ ನಿಧಾನ ಕಣಮ್ಮಾ," ಎಂದು ನಕ್ಕರು.

ಎಡಗೈಯ ನಾಡಿ ಎಪ್ಪತ್ತೆರಡು ಇತ್ತು.

"ಈಗ ಅವಳ್ದೂ ನೋಡ್ಬಿಡು," ಎಂದು ಬಲಗೈ ಚಾಚಿದರು. ಆ ಕೈ ತಣ್ಣಗೆ ಕೊರೆಯುತ್ತಿತ್ತು. ಪಾಠ ಹೇಳಿದವರ ಬೆರಳಲ್ಲಿ ಗಿರಣಿಯವರ ಜಡ್ಡುಗಳಿದ್ದವು. ನಾಡಿ ಐವತ್ತೆಂಟು.

"ಅಜ್ಜಿ, ಇದು ಹೇಗೆ ಸಾಧ್ಯ?"

"ನನ್ನ ಓದಿಸೋಕೆ ಅವಳು ಮೈ ಸವೆಸಿದ್ಲು. ಈಗ ನಾನೊಂದು ಕೈ ಕೊಟ್ಟಿದೀನಿ, ಅಷ್ಟೆ."

ಎರಡೂ ಮಣಿಕಟ್ಟು ಹಿಡಿದು ಇನ್ನೊಮ್ಮೆ ಎಣಿಸಿದೆ. ಎಡಗೈ ತಣ್ಣಗಾಗತೊಡಗಿತ್ತು. ಅದರ ನಾಡಿಯೂ ಐವತ್ತೆಂಟಕ್ಕೆ ಇಳಿದಿತ್ತು.