ಹಲ್ಲು ಬೇಕಿಲ್ಲದ ಮಾತು

"ಆ ದೊಡ್ಡ ಅಕ್ಷರ ಕಾಣ್ತಿದೆಯಾ ಟೀಚರ್?"

ಕನ್ನಡಕದಂಗಡಿಯವರು ಕೇಳಿದ್ದು ಗೋಡೆಯ ಮೇಲಿನ ಫಲಕದ ನೆತ್ತಿಯಲ್ಲಿದ್ದ ‘ಸ’ದ ಬಗ್ಗೆ. ಅಂಗೈಯಗಲದ ‘ಸ’. ಬೀದಿಯ ಆಚೆ ಬದಿಯಲ್ಲಿ ನಿಂತವರೂ ಓದಬಹುದಿತ್ತು. ಟೀಚರು ಕರವಸ್ತ್ರವನ್ನು ಬಾಯಿಗೊತ್ತಿಕೊಂಡು ಇಲ್ಲವೆಂದು ತಲೆಯಾಡಿಸಿದರು.

"ಹೋಗ್ಲಿ ಬಿಡಿ. ಅದರ ಕೆಳಗೆ?"

ಕೆಳಗಿದ್ದದ್ದು ‘ಗ’ ಮತ್ತು ‘ತ’.

"ಗ," ಎಂದರು ಟೀಚರು.

"ಪಕ್ಕದ್ದು?"

ಟೀಚರು ಕಿಟಕಿಯ ಕಡೆ ನೋಡಿದರು.

ಕೊನೆಯ ಸಾಲಿನಲ್ಲಿ ಇರುವೆಯಷ್ಟು ಚಿಕ್ಕದಾಗಿದ್ದ ‘ಕ’, ‘ಮ’, ‘ಬ’ಗಳನ್ನು ಮಾತ್ರ ಪಟಪಟನೆ ಓದಿಬಿಟ್ಟರು. ಅಂಗಡಿಯವರು ತಲೆ ಕೆರೆದುಕೊಂಡರು. ಆನೆ ಕಾಣದ ಕಣ್ಣಿಗೆ ಇರುವೆ ಕಾಣುತ್ತಿದೆ! ಅವರು ಪರೀಕ್ಷೆಯ ಚೌಕಟ್ಟಿಗೆ ಒಂದೊಂದೇ ಗಾಜು ಹಾಕಿ ತೆಗೆದರು. "ಈಗ? ಈಗ ಹೇಗಿದೆ?" ಎಂದು ಹತ್ತಿರ ಬಾಗಿ ಕೇಳುವಾಗ ಅವರ ಬೆರಳು ಟೀಚರ ಕಿವಿಯ ಹಿಂದೆ ತಣ್ಣಗೆ ತಾಗಿತು. ಗಾಜಿನಾಚೆ ಅಂಗಡಿಯೆಲ್ಲ ಮಂಜಾಗಿ ಕರಗಿ, ಒಂದು ಮುಖ ಮಾತ್ರ ಉಳಿಯಿತು. ನರೆತ ಹುಬ್ಬು, ನಗುವ ಕಣ್ಣು, ಸಾಲಾಗಿ ಜೋಡಿಸಿಟ್ಟಂಥ ಬಿಳಿ ಹಲ್ಲು. ಇಂಥ ಹಲ್ಲಿನವರ ಮುಂದೆ ತಾನು ಬಾಯಿ ಬಿಡುವುದುಂಟೇ, ಎಂದುಕೊಂಡು ಟೀಚರು ಕರವಸ್ತ್ರವನ್ನು ಇನ್ನಷ್ಟು ಒತ್ತಿಕೊಂಡರು.

ಆಗಿದ್ದಿಷ್ಟು. ಶಾಲೆಯ ಮೆಟ್ಟಿಲ ಮೇಲೆ ಯಾರದೋ ಚೆಂಡು ಕಾಲಿಗೆ ಸಿಕ್ಕಿ ಟೀಚರು ಮುಗ್ಗರಿಸಿದ್ದರು. ಕನ್ನಡಕ ಒಡೆಯಿತು, ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲು ಹೋದವು. ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ತಿದ್ದಿಸುವವರು ಅವರು. "ತ, ಥ, ದ, ಧ, ನ. ನಾಲಗೆ ಹಲ್ಲಿಗೆ ಮುಟ್ಟಬೇಕು ಮಕ್ಕಳೇ" ಎಂದು ಜೀವನವಿಡೀ ಹೇಳಿಕೊಟ್ಟವರಿಗೆ ಈಗ ಮುಟ್ಟಿಸಲು ಹಲ್ಲೇ ಇಲ್ಲ. ‘ಸ’ ಎಂದರೆ ಬರೀ ಗಾಳಿ. ತವರಿಲ್ಲದೆ ಹೇಗೋ ಬದುಕಬಹುದು, ತವರ್ಗವಿಲ್ಲದೆ ಟೀಚರು ಬದುಕುವುದು ಹೇಗೆ? ಅದಕ್ಕೇ ಅವರು ರಜೆ ಹಾಕಿ, ಹಲ್ಲು ತಾಗದ ಮಾತುಗಳನ್ನು ಹುಡುಕಿ ಹುಡುಕಿ ಆಡುತ್ತಿದ್ದರು. ಹೂಂ. ಬೇಡ. ಊಹೂಂ.

ಹೊಸ ಕನ್ನಡಕ ಬಂತು. ಹಾಕಿಕೊಂಡು ಬೀದಿಗಿಳಿದರೆ ನೆಲ ಮೊಣಕಾಲಿಗೆ ಬಂತು, ದೀಪದ ಕಂಬಗಳು ಬಾಗಿ ನಮಸ್ಕರಿಸಿದವು. ಟೀಚರು ಗೋಡೆ ಹಿಡಿದುಕೊಂಡೇ ಅಂಗಡಿಗೆ ವಾಪಸಾದರು.

"ಪವರ್ ಸಾಕಾಗ್ಲಿಲ್ವಾ?" ಅಂಗಡಿಯವರ ಮುಖದಲ್ಲಿ ನಿಜವಾದ ಗಾಬರಿ.

ಇನ್ನು ಮುಚ್ಚಿಟ್ಟು ಫಲವಿಲ್ಲ. ಟೀಚರು ಕರವಸ್ತ್ರ ಇಳಿಸಿದರು. "ಕಣ್ಣಲ್ಲ. ಹಲ್ಲು!"

ಅವರು ಟೀಚರ ಬಾಯಿ ನೋಡಿದರು, ಗೋಡೆಯ ‘ಸ’ ನೋಡಿದರು, ‘ತ’ ನೋಡಿದರು. ಆಮೇಲೆ ತಮ್ಮ ಹಣೆಯನ್ನೇ ತಟ್ಟಿಕೊಂಡರು. "ಅಯ್ಯೋ ನನ್ನ ಬುದ್ಧಿಗಿಷ್ಟು! ಹಲ್ಲಿನ ಕಾಯಿಲೆಗೆ ಕಣ್ಣಿಗೆ ಔಷಧಿ ಕೊಟ್ಟೆನಲ್ಲ!"

ಟೀಚರಿಗೆ ನಗು ಬಂತು. ಬಿದ್ದ ದಿನದಿಂದ ಮೊದಲ ಸಲ, ಕೈ ಅಡ್ಡ ಇಡದೆ ನಕ್ಕರು.

ಅಂದಿನಿಂದ ಅವರ ಮುಂದೆ ಮಾತ್ರ ಟೀಚರ ಬಾಯಿಗೆ ಬೀಗ ಇರಲಿಲ್ಲ. ತೊದಲಿದರೂ ಆಡಿದರು, ಗಾಳಿ ಸೋರಿದರೂ ಆಡಿದರು. ಸರಿಯಾದ ಗಾಜು ಬಂದ ಮೇಲೂ ಕನ್ನಡಕಕ್ಕೆ ಏನಾದರೊಂದು ಆಗುತ್ತಲೇ ಇತ್ತು. ಇವತ್ತು ಮೂಗಿನ ಮೇಲೆ ಜಾರುತ್ತದೆ, ನಾಳೆ ಕಿವಿ ಒತ್ತುತ್ತದೆ.

"ಟೀಚರ್, ಕನ್ನಡಕ ಸರಿಯಾಗೇ ಇದೆ."

"ಹಾಗಾದ್ರೆ ಕಿವಿ ಸರಿಯಿಲ್ಲ ಅನ್ನಿ."

"ಕಿವಿನೂ ಚೆನ್ನಾಗೇ ಇದೆ. ದಿನಾ ನೋಡ್ತಿದ್ದೀನಲ್ಲ," ಎಂದವರು ತಾವೇ ಕೆಂಪಾಗಿ, ಒರೆಸಿದ್ದ ಗಾಜನ್ನೇ ಮತ್ತೆ ಒರೆಸಿದರು. ಅವರ ಹೆಂಡತಿ ತೀರಿಕೊಂಡು ಬಹಳ ಕಾಲವಾಗಿತ್ತು. ಟೀಚರಿಗೆ ಮದುವೆ ಯಾಕೋ ಕೂಡಿಬಂದಿರಲಿಲ್ಲ. ಇಳಿಬಿಸಿಲು ಶೋಕೇಸಿನ ನೂರು ಗಾಜುಗಳಲ್ಲಿ ಹೊಳೆಯುವಾಗ ಇಬ್ಬರೂ ಸುಮ್ಮನೆ ಕುಳಿತಿರುತ್ತಿದ್ದರು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಹಲ್ಲಿನ ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ, ಚುರುಕು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ವಿವರಿಸಿದಳು.

"ಎರಡು ದಾರಿ ಇದೆ ಟೀಚರ್. ಒಂದು, ಕಟ್ಟುಹಲ್ಲಿನ ಸೆಟ್. ಎರಡು ವಾರದಲ್ಲಿ ಕೊಡ್ತೀನಿ. ರಾತ್ರಿ ತೆಗೆದು ತೊಳೆದು ಲೋಟದ ನೀರಲ್ಲಿ ಇಡಬೇಕು. ಇನ್ನೊಂದು, ಇಂಪ್ಲಾಂಟ್. ದವಡೆಯಲ್ಲಿ ಸ್ಕ್ರೂ ಕೂರಿಸಿ, ಅದು ಮೂಳೆಗೆ ಬೆಸೆದ ಮೇಲೆ ಹಲ್ಲು ಹಾಕೋದು. ತೆಗೆಯೋ ತಾಪತ್ರಯ ಇಲ್ಲ, ಸ್ವಂತ ಹಲ್ಲಿನ ಹಾಗೇ ಇರುತ್ತೆ. ಆದರೆ ನಿಮ್ಮ ಮೂಳೆ ಅಲ್ಲಿ ತೆಳ್ಳಗಿದೆ, ಮೊದಲು ಅದನ್ನ ತುಂಬಿಸಬೇಕು. ಎಲ್ಲ ಮುಗಿಯೋಕೆ ಹತ್ತಿರ ಹತ್ತಿರ ಒಂದು ವರ್ಷ. ಎರಡೂ ಒಳ್ಳೇದೇ. ನಿಮಗೆ ಯಾವುದು ಬೇಕು ಯೋಚಿಸಿ."

ಪಕ್ಕದ ಮನೆಯಲ್ಲಿದ್ದ ಅಕ್ಕ ಯೋಚಿಸಲು ಬಿಡಲಿಲ್ಲ. "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಸಿಕ್ಕಾಗ ಹಲ್ಲಿಲ್ಲ ಅನ್ನೋದು ನಿನಗೇ ಸರಿ ಕಣೇ. ಈ ವಯಸ್ಸಲ್ಲಿ ಯಾರಿಗೆ ತೋರಿಸಬೇಕು ಹಲ್ಲು? ಸುಮ್ನೆ ಸೆಟ್ ಹಾಕಿಸ್ಕೋ."

ಯಾರಿಗೆ ತೋರಿಸಬೇಕು ಎಂಬ ಮಾತೇ ಎದೆಗೆ ನಾಟಿತು. ಏಕೆಂದರೆ ಟೀಚರ ಮನಸ್ಸಿನಲ್ಲಿ ಒಂದು ಮುಖವಿತ್ತು. ಆ ಮುಖ ಒಂದು ದಿನ ತನ್ನ ಮನೆಯಲ್ಲಿರಬಹುದು ಎಂಬ ಆಸೆಯಿತ್ತು. ಆ ಆಸೆಯ ಪಕ್ಕದಲ್ಲೇ, ನೀರಿನ ಲೋಟದಲ್ಲಿ ಹಲ್ಲು ಕಿರಿಯುತ್ತಾ ಕುಳಿತ ಒಂದು ಸೆಟ್ ಕಾಣುತ್ತಿತ್ತು.

ಒಂದು ಸಂಜೆ ಅಂಗಡಿಯವರು ಗಂಟಲು ಸರಿಮಾಡಿಕೊಂಡರು. "ಟೀಚರ್, ಒಂದು ಮಾತು ಕೇಳಬೇಕಿತ್ತು."

ಏನೆಂದು ಟೀಚರಿಗೆ ತಿಳಿದುಹೋಯಿತು. "ಹಲ್ಲು ಬರಲಿ. ಆಮೇಲೆ ಕೇಳಿ."

"ಯಾವ ಹಲ್ಲು? ಎರಡು ವಾರದ್ದೋ, ಒಂದು ವರ್ಷದ್ದೋ?"

"ವರ್ಷದ್ದು."

ಅವರ ಮುಖ ಜೋತುಬಿತ್ತು. "ಅಷ್ಟು ದಿನ ಕಾಯಿಸ್ತೀರಾ? ಯಾಕೆ?"

ಟೀಚರು ನೆಲ ನೋಡುತ್ತಾ ನಿಜ ಹೇಳಿಬಿಟ್ಟರು. "ಕಟ್ಟುಹಲ್ಲಾದ್ರೆ ರಾತ್ರಿ ತೆಗೆದಿಡಬೇಕು. ಬೊಚ್ಚುಬಾಯಿ ಒಂದು ಕಡೆ, ಲೋಟ ಒಂದು ಕಡೆ. ನೋಡಿದವರು ಓಡಿಹೋಗ್ತಾರೆ. ಆ ಲೋಟ ನನಗೆ ಬೇಡ."

ಅಂಗಡಿಯವರು ಎದ್ದರು. ಒಳಗೆ ಹೋದರು. ನಲ್ಲಿಯ ಸದ್ದು ಕೇಳಿತು. ಏನೋ ತಪ್ಪು ಮಾತಾಡಿದೆನೆಂದು ಟೀಚರು ಚೀಲ ಎತ್ತಿಕೊಳ್ಳುವಷ್ಟರಲ್ಲಿ ಅವರು ಹೊರಬಂದರು. ಕೈಯಲ್ಲಿ ನೀರಿನ ಲೋಟ. ಲೋಟದೊಳಗೆ ಸಾಲಾಗಿ ಜೋಡಿಸಿಟ್ಟಂಥ ಬಿಳಿ ಹಲ್ಲು.

ಲೋಟವನ್ನು ಮೇಜಿನ ಮೇಲಿಟ್ಟು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕುಳಿತು, ಫಲಕದತ್ತ ಮುಖ ಮಾಡಿದರು. ಕೆನ್ನೆ ಒಳಗೆ ಹೋಗಿತ್ತು, ಮೇಲ್ದುಟಿ ಮುದುಡಿತ್ತು. ‘ಸ’ವನ್ನು ಬಿಟ್ಟರು. "ಗ," ಎಂದರು. ‘ತ’ವನ್ನು ಬಿಟ್ಟರು. ಒಳ್ಳೆ ವಿದ್ಯಾರ್ಥಿಯ ಹಾಗೆ ಕೈಕಟ್ಟಿ ಕೊನೆಯ ಸಾಲಿನವರೆಗೂ ಓದಿದರು. ಆಮೇಲೆ ಟೀಚರ ಕಡೆ ತಿರುಗಿದರು. ಆ ಕಣ್ಣುಗಳಲ್ಲಿ ಈಗ ನಗುವಿರಲಿಲ್ಲ, ಭಯವಿತ್ತು. ಓಡಿಹೋಗುವವರನ್ನು ನೋಡಲು ಸಿದ್ಧವಾದವರ ಭಯ.

ಒಂದೊಂದೇ ಪದ ಎತ್ತಿಟ್ಟು ಕೇಳಿದರು. "ಬಾಕಿ ಬಾಳಿಗೆ ಒಬ್ಬ ಗೆಳೆಯ ಬೇಕಾ?"

ಮಾತು ಅಚ್ಚುಕಟ್ಟಾಗಿ ಬಂತು. ಎಲ್ಲೂ ತೊದಲಲಿಲ್ಲ, ಗಾಳಿ ಸೋರಲಿಲ್ಲ. ಟೀಚರು ಎಷ್ಟಾದರೂ ಟೀಚರು, ಅಂಥ ಹೊತ್ತಿನಲ್ಲೂ ಅಕ್ಷರ ಬಿಡಿಸಿ ನೋಡಿದರು. ಬಾಕಿ. ಬಾಳಿಗೆ. ಒಬ್ಬ. ಗೆಳೆಯ. ಬೇಕಾ. ತ ಇಲ್ಲ, ದ ಇಲ್ಲ, ನ ಇಲ್ಲ, ಸ ಇಲ್ಲ. ಇದು ಬಾಯಿಗೆ ಬಂದ ಮಾತಲ್ಲ. ಒಬ್ಬರೇ ಕುಳಿತು, ಹಲ್ಲು ತೆಗೆದಿಟ್ಟು, ಸಿಗುವ ಅಕ್ಷರಗಳನ್ನಷ್ಟೇ ಆರಿಸಿ ಕಟ್ಟಿದ ಮಾತು. ಎಷ್ಟು ದಿನದಿಂದ ಬಾಯಿಪಾಠ ಮಾಡಿದ್ದರೋ ಪಾಪ.

ಟೀಚರ ಕಣ್ಣು ತುಂಬಿ ಬಂತು. ಹೊಸ ಕನ್ನಡಕದಲ್ಲೂ ಅಂಗಡಿ ಮತ್ತೆ ಮಂಜಾಯಿತು, ಮತ್ತೆ ಆ ಒಂದು ಮುಖ ಮಾತ್ರ ಉಳಿಯಿತು. ಹಲ್ಲಿದ್ದಾಗಿನದಕ್ಕಿಂತ ಈಗಲೇ ಚೆಂದ ಎನಿಸಿತು.

ಉತ್ತರಕ್ಕೂ ಹಲ್ಲು ಬೇಕಿರಲಿಲ್ಲ.

"ಬೇಕು," ಎಂದರು ಟೀಚರು.

ಅವರು ಹಿಗ್ಗಿ, ಬೊಚ್ಚುಬಾಯಿ ತುಂಬ ನಕ್ಕರು. ಟೀಚರೂ ನಕ್ಕರು. ಬೀದಿಯಲ್ಲಿ ಹೋಗುತ್ತಿದ್ದ ಯಾರೋ ಶೋಕೇಸಿನಾಚೆಯಿಂದ ಇಣುಕಿ ನೋಡಿ, ತಾವೂ ನಕ್ಕು ಮುಂದೆ ಹೋದರು.

ಹಲ್ಲು ಮತ್ತೆ ಹಾಕಿಕೊಂಡ ಮೇಲೆ ಅಂಗಡಿಯವರು ಹೇಳಿದರು, "ನೋಡಿ, ನಿಮಗೆ ನಿಜವಾಗ್ಲೂ ಇಂಪ್ಲಾಂಟೇ ಬೇಕು ಅಂದ್ರೆ ಅದನ್ನೇ ಹಾಕಿಸ್ಕೊಳ್ಳಿ. ನನಗೋಸ್ಕರ ಬದಲಾಯಿಸಬೇಡಿ."

ಟೀಚರು ಯೋಚಿಸಿದರು. ಆ ಲೋಟದ ನಾಚಿಕೆಯೊಂದನ್ನು ಬಿಟ್ಟರೆ ಅಷ್ಟು ದಿನ ಕಾಯಲು ಬೇರೆ ಕಾರಣವೇ ಇರಲಿಲ್ಲ. ‘ತ’ ಕಲಿಯಬೇಕಾದ ಮಕ್ಕಳು ‘ಣ’ದ ಹತ್ತಿರವೇ ನಿಂತುಬಿಟ್ಟಿದ್ದರು. ಮರುದಿನವೇ ಹೋಗಿ ಬಾಯಿಯ ಅಚ್ಚು ಕೊಟ್ಟು ಬಂದರು.

ಸೆಟ್ ಬಂದ ದಿನ ಅಕ್ಕ ನೋಡಲು ಬಂದಳು. ಬಚ್ಚಲಿನ ಗೂಡಿನಲ್ಲಿ ಹೊಸ ಗಾಜಿನ ಲೋಟಗಳೆರಡು ಒಂದಕ್ಕೊಂದು ಒರಗಿ ಕುಳಿತಿದ್ದವು. ಅಕ್ಕನ ಹುಬ್ಬು ಮೇಲೇರಿತು.

"ಇರೋದು ನೀನೊಬ್ಬಳು. ಎರಡು ಲೋಟ ಯಾಕೆ? ಯಾರದ್ದೇ ಇದು?"

ಟೀಚರು ನಾಲಗೆಯನ್ನು ಹೊಸ ಹಲ್ಲಿಗೆ ಮುಟ್ಟಿಸಿದರು. ಮಕ್ಕಳಿಗೆ ಹೇಳಿಕೊಡುವಷ್ಟೇ ಸ್ಪಷ್ಟವಾಗಿ ‘ನ’ ಬಂತು, ‘ದ’ ಬಂತು.

"ನಮ್ದು," ಎಂದರು.