ಹೊದಿಕೆಯ ಕೆಳಗಿನ ಗಾಜು

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಹಲ್ಲಿನ ಡಾಕ್ಟರೊಬ್ಬರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕೆರೆದಂಡೆಯ ತಮ್ಮ ರಜೆಮನೆಯ ಹಿಂದಿನ ಕಿಟಕಿ ಒಡೆದು, ಬೀರುವಿನಲ್ಲಿದ್ದ ಮೂಲ ಕ್ರಯಪತ್ರವನ್ನು ಯಾರೋ ಕದ್ದೊಯ್ದಿದ್ದಾರೆ ಎಂದಿತ್ತು. ಮನೆ ಅವರೊಬ್ಬರದಲ್ಲ. ತೀರಿಕೊಂಡ ತಂದೆ ಉಯಿಲಿನಲ್ಲಿ ಅವರಿಗೂ ಅವರ ತಮ್ಮ, ತಂಗಿಗೂ ಸಮಪಾಲು ಎಂದು ಬರೆದಿದ್ದರು. ದೋಣಿ ಯಾರಿಗೆ ಎಂದು ಕೂಡ ಬರೆದ ಮಹಾರಾಯರು, ಇಬ್ಬರು ಮಾರೋಣ ಅಂದು ಒಬ್ಬರಿಗೆ ಮನಸ್ಸಿಲ್ಲದಿದ್ದರೆ ಏನು ಮಾಡಬೇಕೆಂದು ಮಾತ್ರ ಬರೆದಿರಲಿಲ್ಲ. ಶುಕ್ರವಾರ ಮಾರಾಟದ ನೋಂದಣಿ. ಮೂಲಪತ್ರ ಇಲ್ಲದೆ ಕೊಳ್ಳುವವರು ಒಪ್ಪುವುದಿಲ್ಲ.

ಎಫ್‌ಐಆರ್ ದಾಖಲಾಯಿತು. ‘ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು’ ಎಂದು ಹೆಡ್ ಕಾನ್‌ಸ್ಟೇಬಲ್ ಗೊಣಗಿದ. ಕೂತಲ್ಲೇ ತೂಕಡಿಸುವ ಅವನಿಗೆ ಠಾಣೆಯಲ್ಲಿ ಜೊಂಪಣ್ಣ ಅಂತಲೇ ಹೆಸರು.

ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಮೇಡಂ ಅವನೊಂದಿಗೆ ಸ್ಥಳಕ್ಕೆ ಹೋದರು. ಕೆರೆಯ ಮಂಜು ಇನ್ನೂ ಕರಗಿರಲಿಲ್ಲ. ಒಳಗೆ ಸೋಫಾ, ಕುರ್ಚಿ, ಮೇಜು ಎಲ್ಲವೂ ಬಿಳಿ ಹೊದಿಕೆ ಹೊದ್ದು ಮಲಗಿದ್ದವು. ನೀರಿನ ಬೆಳಕು ಚಾವಣಿಯ ಮೇಲೆ ಮೆಲ್ಲಗೆ ತೂಗುತ್ತಿತ್ತು. ಆ ಮನೆಯಲ್ಲಿ ಜೋರಾಗಿ ಮಾತಾಡಲು ಯಾರಿಗೂ ಮನಸ್ಸು ಬರಲಿಲ್ಲ. ಮೇಡಂಗೂ ಕಣ್ಣು ಎಳೆಯತೊಡಗಿತು.

ಪಂಚನಾಮೆ ಬರೆಯುತ್ತಿರುವಾಗ ಜೊಂಪಣ್ಣ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರೋಣವೆಂದು, ಕಾಲಿಗೆ ಕಟ್ಟಿದ್ದ ಒಂದು ಗಂಟು ಬಿಚ್ಚಿ ಹೊದಿಕೆ ಎತ್ತಿದ. ಕುರ್ಚಿಯ ಮೇಲೆ ಗಾಜಿನ ಚೂರುಗಳಿದ್ದವು. ಹೊದಿಕೆಯ ಮೇಲೆ ಒಂದೂ ಇರಲಿಲ್ಲ. ಅಂದರೆ ಗಾಜು ಒಡೆದ ಮೇಲೆ ಯಾರೋ ಹೊದಿಸಿದ್ದರು. ಅಲ್ಲಾ, ಕದಿಯಲು ಬಂದ ಕಳ್ಳ ಕುರ್ಚಿಗೆ ಧೂಳು ಕೂತೀತೆಂದು ಚಿಂತೆ ಮಾಡುತ್ತಾನೆಯೇ?

ಎರಡು ಗಂಟೆಗೆ ಡಾಕ್ಟರ ತಂಗಿ ಅಲ್ಲಿಗೆ ಬಂದರು. ಕಡೆಗೆ ಬೀಗ ಹಾಕುವವರು ಎಲ್ಲಕ್ಕೂ ಹೊದಿಸಲೇಬೇಕು, ಮರೆತರೆ ಅಪ್ಪ ಅರ್ಧದಾರಿಯಿಂದ ವಾಪಸ್ಸು ಕಳಿಸುತ್ತಿದ್ದರು ಎಂದರು. ಮಾರಲು ಹೊರಟದ್ದು ತಾವೂ ಚಿಕ್ಕಣ್ಣನೂ. ಇಬ್ಬರಿಗೂ ಬಂದುಹೋಗಲು ಪುರಸೊತ್ತಿಲ್ಲ, ಮಾಡಿನ ರಿಪೇರಿಗೂ ಫೋನಿನಲ್ಲೇ ಜಗಳ.

“ಹೊದಿಕೆಯನ್ನ ಕುರ್ಚಿ ಕಾಲಿಗೆ ಹೀಗೆ ಜೋಡಿ ಗಂಟು ಹಾಕಿ ಕಟ್ಟೋದು ಯಾರು?” ಉಳಿದ ಗಂಟೊಂದನ್ನು ತೋರಿಸಿ ಮೇಡಂ ಕೇಳಿದರು.

ತಂಗಿ ಆ ಗಂಟನ್ನೇ ನೋಡುತ್ತಾ ನಿಂತರು. ಅವರಿಗೆ ಅಳು ಬಂತು.

“ದೊಡ್ಡಣ್ಣ.”

ನಾಲ್ಕೂಕಾಲಿಗೆ ಡಾಕ್ಟರ ಕ್ಲಿನಿಕ್ ಶೋಧವಾಯಿತು. ಹಳೆಯ ಎಕ್ಸ್‌ರೇಗಳ ನಡುವೆ ಕ್ರಯಪತ್ರ ಸಿಕ್ಕಿತು. ಊರವರ ಬಾಯಿ ತೆರೆಸುವ ಡಾಕ್ಟರು ತಮ್ಮ ಬಾಯಿಯನ್ನೂ ಸುಲಭವಾಗಿಯೇ ತೆರೆದರು. ಭಾನುವಾರ ಮಧ್ಯಾಹ್ನ ಬೀಗ ತೆಗೆದು ಒಳಬಂದವರು ರೂಢಿಯಂತೆ ಹೊದಿಕೆಗಳನ್ನೆಲ್ಲ ತೆಗೆದಿದ್ದರು. ಪತ್ರ ಎತ್ತಿಕೊಂಡು, ಕಳ್ಳತನದಂತೆ ಕಾಣಲೆಂದು ಹೊರಗಿನಿಂದ ಕಿಟಕಿ ಒಡೆದು, ಮತ್ತೆ ಒಳಬಂದು ಒಂದು ಗಳಿಗೆ ಸೋಫಾದಲ್ಲಿ ಒರಗಿದರೆ ನಿದ್ದೆ ಹತ್ತಿತ್ತು. ಕನಸಿನಲ್ಲಿ ಮೂವರೂ ದೋಣಿಯಲ್ಲಿದ್ದರಂತೆ. ದಂಡೆಯಿಂದ ಅಪ್ಪ ಕರೆಯುತ್ತಿದ್ದರಂತೆ, ಯಾರೂ ಹುಟ್ಟು ಹಾಕುತ್ತಿರಲಿಲ್ಲವಂತೆ. ಎಚ್ಚರವಾದಾಗ ಯಾಕೆ ಬಂದೆನೆಂಬುದೇ ಮರೆತು, ಎಲ್ಲಕ್ಕೂ ಹೊದಿಸಿ ಹೊರಟುಬಂದಿದ್ದರು.

“ಮಾರೋದು ಬೇಡ ಅಂತ ಹೇಳಬಹುದಿತ್ತಲ್ಲ?”

“ಅವರಿಗೆ ಅವರವರ ಕಷ್ಟ. ದೊಡ್ಡವನಾಗಿ ನಾನು ಹೇಗೆ ಅಡ್ಡ ನಿಲ್ಲಲಿ? ಪತ್ರದ ನಕಲು ಸಿಗೋಕೆ ಐದಾರು ತಿಂಗಳಾಗುತ್ತೆ. ಅಷ್ಟರಲ್ಲಿ ಬೇಸಿಗೆ ರಜೆ ಬರುತ್ತೆ, ಇನ್ನೊಂದು ಸಲ ಎಲ್ಲರೂ ಬರ್ತಾರೆ ಅಂದ್ಕೊಂಡೆ. ನಾವು ಮೂವರು ಸೇರೋದು ಅಲ್ಲೊಂದೇ ಕಡೆ ಮೇಡಂ. ಅದೂ ಹೋದ್ರೆ, ಇನ್ನು ಸೇರೋದು ಯಾರಾದ್ರೂ ಸತ್ತಾಗಲೇ.”

ಐದು ನಲವತ್ತಕ್ಕೆ ಸುಳ್ಳು ದೂರು ಮತ್ತು ದಾಖಲೆ ಬಚ್ಚಿಟ್ಟ ಆರೋಪದ ಮೇಲೆ ಅವರನ್ನು ಬಂಧಿಸಲಾಯಿತು. ಏಳು ಗಂಟೆಗೆ ಡಾಕ್ಟರ ತಮ್ಮ ದೂರದೂರಿನಿಂದ ಠಾಣೆಗೆ ಬಂದಿಳಿದರು. ಚೆನ್ನಾಗಿ ಬೈಯಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದವರು, ಅಣ್ಣನ ಮುಖ ನೋಡಿ ಬೆಂಚಿನ ಮೇಲೆ ಅವರ ಪಕ್ಕದಲ್ಲಿ ಕೂತರು. ತಂಗಿ ಆಗಲೇ ಇನ್ನೊಂದು ಪಕ್ಕದಲ್ಲಿದ್ದರು. ಜಾಮೀನಿಗೆ ಇಬ್ಬರೂ ಸಹಿ ಹಾಕಿದರು.

ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಮೇಡಂ ತುಸು ಯೋಚಿಸಿ, ‘ಒಡಹುಟ್ಟಿದವರನ್ನು ನೋಡಲು’ ಎಂದು ಬರೆದರು. ತಲೆಯೆತ್ತಿದಾಗ ಗಂಟೆ ಎಂಟಾಗಿತ್ತು. ಇನ್ನು ಹೊರಡಬಹುದೆಂದು ಜೊಂಪಣ್ಣ ಎರಡು ಸಲ ಹೇಳಿದರೂ ಆ ಮೂವರು ಬೆಂಚಿನಿಂದ ಎದ್ದಿರಲಿಲ್ಲ.