ಬುಧವಾರದ ಹೂಗಳು

ಫ್ಲಾಸ್ಕಿನಲ್ಲಿ ಕಾಫಿ ಇದೆ ಅಂದುಕೊಂಡದ್ದು ಶಿವಗಾಮಿಯ ತಪ್ಪಲ್ಲ. ಆಸ್ಪತ್ರೆಗೆ ಫ್ಲಾಸ್ಕ್ ಹಿಡಿದು ಬರುವವರೆಲ್ಲ ಕಾಫಿಯನ್ನೇ ತರುತ್ತಾರೆ. ಬಟ್ಟೆ ಕೋಣೆಯಲ್ಲಿ ಬೆಡ್‌ಶೀಟುಗಳ ಅಂಚು ಹೊಲಿದು ಹೊಲಿದು ಅವಳ ತಲೆ ಸಿಡಿಯುತ್ತಿತ್ತು. ಪಕ್ಕದ ಲ್ಯಾಬಿಗೆ ಹೊಸದಾಗಿ ಸೇರಿದವನು ಬಾಗಿಲ ಬಳಿ ಫ್ಲಾಸ್ಕ್ ಇಟ್ಟು ಬೀಗದ ಕೈ ತರಲು ಹೋಗಿದ್ದ. ಒಂದು ಲೋಟ ಬಗ್ಗಿಸಿಕೊಂಡರೆ ಅವನ ಆಸ್ತಿಯೇನೂ ಕರಗುವುದಿಲ್ಲ ಎಂದು ಮುಚ್ಚಳ ತಿರುಗಿಸಿದಳು. ಐಸ್ ನೀರಿನ ಜೊತೆ ಕೆಂಪು ಸೀಸೆಯೊಂದು ಲೋಟಕ್ಕೆ ಜಾರಿ ಬಿತ್ತು.

“ಅಯ್ಯೋ ಚೌಡಮ್ಮಾ! ರಕ್ತ!”

ಬೀಗದ ಕೈ ಹಿಡಿದು ಓಡಿ ಬಂದ ದೇವರಾಜನ್ ಸೀಸೆಯ ಕಡೆ ನೋಡಲೇ ಇಲ್ಲ. ಅವಳನ್ನೇ ನೋಡಿದ.

“ನೀವೂ ಕನ್ನಡದೋರಾ?”

“ಅದಿರಲಿ, ಯಾರದುಂಗ ಈ ರಕ್ತ?” ಗಾಬರಿಯಲ್ಲೂ ತಮಿಳಿನ ಮರ್ಯಾದೆಯ ‘ಉಂಗ’ ಅವಳ ಮಾತಿಗೆ ಅಂಟಿಕೊಂಡಿತು.

“ನಮ್ಮೂರ ಕುರೀದು. ಅವಿನಾಶಿ ಪಕ್ಕ.”

“ಬಿರಿಯಾನಿಗಾ?”

“ಕ್ಯಾನ್ಸರ್‌ಗೆ,” ಎಂದ ಅವನು, ಮುಖ ಗಂಭೀರ ಮಾಡಿಕೊಂಡು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

ಅದು ಎಂಬತ್ತನಾಲ್ಕರ ಪೊಂಗಲ್ ಮುಗಿದ ವಾರ. ಕೊಯಮತ್ತೂರಿನ ಆ ಆಸ್ಪತ್ರೆಯಲ್ಲಿ ಎಲ್ಲರ ಬಾಯಲ್ಲೂ ತಮಿಳು. ಶಿವಗಾಮಿ ನೇಯ್ಗೆಯವರ ಮನೆಯ ಮಗಳು, ದೇವರಾಜನ್ ಬೇಸಾಯಗಾರರ ಮಗ. ಕನ್ನಡ ಇಬ್ಬರಿಗೂ ಅಡುಗೆಮನೆಯ ಮಾತು. ಈಗ ಅದು ಲ್ಯಾಬ್ ನಡೆಸುತ್ತಿದ್ದ ಡಾಕ್ಟರಮ್ಮನ ಎದುರಿಗೇ ಗುಟ್ಟು ಮಾತಾಡುವ ಭಾಷೆಯಾಯಿತು. “ಇವತ್ತು ಹಸಿರು ಸೀರೆ ಚೆಂದಾಗೈತೆ,” ಎಂದು ಅವನು ಟ್ಯೂಬು ಜೋಡಿಸುತ್ತಲೇ ಅನ್ನುತ್ತಿದ್ದ. ಡಾಕ್ಟರಮ್ಮ ಅದು ಯಾವುದೋ ಔಷಧಿಯ ಲೆಕ್ಕ ಅಂದುಕೊಂಡು ತಲೆಯಾಡಿಸುತ್ತಿದ್ದರು.

ಡಾಕ್ಟರಮ್ಮನ ಪ್ರಶ್ನೆ ದೊಡ್ಡದು. ರೋಗವನ್ನು ಹೊಡೆದೋಡಿಸುವ ಕಾವಲುಗಾರ ಕಣಗಳು ಎಲ್ಲರ ರಕ್ತದಲ್ಲೂ ಇವೆ. ಕ್ಯಾನ್ಸರ್ ಬಂದವರಲ್ಲಿ ಅವು ಕಡಿಮೆ. ಕಾವಲು ಸೋತದ್ದಕ್ಕೆ ಕ್ಯಾನ್ಸರ್ ಬಂತೋ, ಕ್ಯಾನ್ಸರ್ ಬಂದದ್ದಕ್ಕೆ ಕಾವಲು ಸೋತಿತೋ? ಆ ಕಣಗಳನ್ನು ಗುರುತಿಸುವುದಕ್ಕೇ ಕುರಿಯ ರಕ್ತ ಬೇಕಿತ್ತು. ಮನುಷ್ಯರದು, ಕುರಿಯದು ಎರಡನ್ನೂ ಬೆರೆಸಿ ರಾತ್ರಿಯೆಲ್ಲ ಫ್ರಿಜ್ಜಿನಲ್ಲಿಟ್ಟರೆ ಕುರಿಯ ಕೆಂಪು ಕಣಗಳು ಬಂದು ಕಾವಲು ಕಣದ ಸುತ್ತ ಅಂಟಿಕೊಳ್ಳುತ್ತವೆ.

“ರೋಗಿಗಳ ಜೊತೆ ಹೋಲಿಸೋಕೆ ಆರೋಗ್ಯವಾಗಿರೋರು ಒಬ್ರು ಬೇಕು, ಅಮ್ಮಣಿ,” ಎಂದ ದೇವರಾಜನ್. “ವಾರವಾರವೂ ಒಬ್ರೇ ಆದ್ರೆ ಒಳ್ಳೇದು.”

“ಆಸ್ಪತ್ರೀಲಿ ಬೇರೆ ಯಾರೂ ಆರೋಗ್ಯವಾಗಿಲ್ವಾ?”

“ಇದಾರೆ. ಅವರು ನನ್ನ ಫ್ಲಾಸ್ಕಲ್ಲಿ ಕಾಫಿ ಹುಡುಕಲ್ಲ.”

ಮೊದಲ ಬುಧವಾರ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಾಗ ಅವಳ ಉಸಿರೇ ನಿಂತಿತು. ಮಧ್ಯೆ ಒಂದು ಬಿಳಿ ಚುಕ್ಕಿ, ಸುತ್ತ ಎಸಳು. ಗಾಜಿನ ತುಂಬ ಹೂವೇ ಹೂ. “ಎಲ್ಲ ನಿಂದೇ,” ಎಂದು ಅವನು ಕಿವಿಯ ಹತ್ತಿರ ಹೇಳಿದ. ಮೊದಲ ಸಲ ‘ನೀನು’ ಎಂದಿದ್ದ. ಅವಳು ತಿದ್ದಲಿಲ್ಲ.

ಅಲ್ಲಿಂದ ವಾರಕ್ಕೆ ಎರಡೇ ದಿನ ಅವಳ ಪಾಲಿಗೆ ಉಳಿದವು. ಮಂಗಳವಾರ ರಕ್ತ ಕೊಡುವುದು, ಬುಧವಾರ ಹೂ ನೋಡುವುದು. ಐಸ್ ನೀರಿಗೆ ಟ್ಯೂಬಿಗೆ ಅಂಟಿಸಿದ ಹೆಸರಿನ ಚೀಟಿಗಳು ಕಿತ್ತು ಬರುತ್ತವೆ ಎಂದು ಅವನು ಗೊಣಗಿದಾಗ ತನ್ನ ಹೊಲಿಗೆ ಡಬ್ಬಿಯಿಂದ ನೂಲು ತೆಗೆದುಕೊಟ್ಟಳು. ರೋಗಿಗಳ ಟ್ಯೂಬಿಗೆ ಕೆಂಪು, ಆರೋಗ್ಯವಂತರಿಗೆ ಬಿಳಿ. ತನ್ನ ಟ್ಯೂಬಿಗೆ ಮಾತ್ರ ಬಿಳಿ ನೂಲನ್ನು ತಾನೇ ಕಟ್ಟುತ್ತಿದ್ದಳು.

ಏಪ್ರಿಲ್ ಕೊನೆ, ಚಿತ್ರೈ ತಿಂಗಳ ಬಿಸಿಲಲ್ಲಿ, ತಲೆ ಬಾಚಿಕೊಳ್ಳುವಾಗ, ಕುತ್ತಿಗೆಯ ಬುಡದಲ್ಲಿ ಬೆರಳಿಗೆ ಗಂಟೊಂದು ಸಿಕ್ಕಿತು. ನೋವಿಲ್ಲ. ದೇವರಾಜನ್‌ಗೆ ಹೇಳಬೇಕೆಂದು ಬಾಯಿ ತನಕ ಬಂತು. ಹೇಳಿದರೆ ಪರೀಕ್ಷೆ, ಆಮೇಲೆ ಬಿಳಿ ನೂಲು ಬೇರೆ ಯಾರದೋ ಕೈಗೆ. ಸುಮ್ಮನೆ ನೆಣದ ಗಂಟು ಇರಬೇಕು ಎಂದು ಮಲ್ಲಿಗೆಯ ಸರವನ್ನು ಆ ಕಡೆಯ ಭುಜಕ್ಕೆ ಇಳಿಬಿಟ್ಟಳು. ಸಂಜೆ ಹೊತ್ತು ಜ್ವರ ಬರತೊಡಗಿದಾಗ ಬಿಸಿಲನ್ನು ಬೈದಳು.

ಆಡಿ ತಿಂಗಳ, ಅಂದರೆ ಆಷಾಢದ ಹೊತ್ತಿಗೆ ಅವಳ ಗಾಜಿನಲ್ಲಿ ಹೂಗಳು ಕಡಿಮೆಯಾದವು.

“ಈ ಕುರಿ ಸರಿಯಿಲ್ಲ,” ಎಂದ ದೇವರಾಜನ್, ಗಾಜನ್ನು ತೊಟ್ಟಿಗೆ ಎಸೆದು. “ಬಸ್ಸು ಲೇಟಾಯ್ತು, ರಕ್ತ ಹಳಸೋಯ್ತು. ನಿನ್ನ ಲೆಕ್ಕ ಬರ್ಕೊಳಲ್ಲ.”

ಮುಂದಿನ ವಾರ ಬೇರೆ ಕುರಿ. ಅದನ್ನೂ ಬೈದ. ಶಿವಗಾಮಿ ಭುಜದ ಮೇಲಿನ ಹೂವನ್ನು ಸರಿಮಾಡಿಕೊಂಡು, “ಪಾವಂ, ಪಾಪದ ಕುರೀನ ಯಾಕೆ ಬೈತೀರಿ?” ಎಂದಳು. ಅವನ ಕಣ್ಣು ಅವಳ ಮುಖದಲ್ಲಿ ಏನನ್ನೋ ಹುಡುಕಿತು. ಅವಳು ನಕ್ಕಳು. ಅಷ್ಟು ಸಾಕಾಯಿತು ಅವನಿಗೆ.

ದೀಪಾವಳಿಯ ಎಣ್ಣೆ ನೀರಿನ ದಿನ ಗುಟ್ಟು ಬಯಲಾಯಿತು. ಅಮ್ಮ ನಾಚಿಯಮ್ಮ ಮಗಳ ನೆತ್ತಿಗೆ ಎಣ್ಣೆ ತಟ್ಟಿ, ಕುತ್ತಿಗೆಗೆ ತಿಕ್ಕುತ್ತಿದ್ದ ಕೈಯನ್ನು ತಟ್ಟನೆ ನಿಲ್ಲಿಸಿದಳು.

“ಇದೇನೇ ಇದು? ಯಾವತ್ತಿಂದ?”

ಎಣ್ಣೆ ಮೈಯಲ್ಲೇ ಶಿವಗಾಮಿ ಅತ್ತುಬಿಟ್ಟಳು.

ಗಂಟಿನ ಚೂರು ಕತ್ತರಿಸಿ ನೋಡಿದ ಡಾಕ್ಟರಮ್ಮ ಮುಚ್ಚಿಡಲಿಲ್ಲ. ರಕ್ತದ ಕಾವಲಿಗೇ ತಗಲುವ ಕ್ಯಾನ್ಸರ್. ವಾಸಿಯಾಗುವಂಥದ್ದೇ, ಚಿತ್ರೈಯಲ್ಲೇ ಬಂದಿದ್ದರೆ ಕುತ್ತಿಗೆಗೆ ವಿಕಿರಣದ ಕರೆಂಟ್ ಇಟ್ಟು ಮುಗಿಸಬಹುದಿತ್ತೇನೋ. ಈಗ ಹೊಟ್ಟೆಗೂ ಇಳಿದಿದೆ. ಮದ್ರಾಸಿಗೆ ಹೋಗಬೇಕು, ಕಠಿಣ ಔಷಧಿ, ಭರವಸೆ ಕೊಡಲಾಗದು.

ಹೊರಡುವ ಹಿಂದಿನ ದಿನ ಮಂಗಳವಾರವಾಗಿತ್ತು. ಅವಳು ಲ್ಯಾಬಿಗೆ ಬಂದು ತೋಳು ಚಾಚಿ ಕುಳಿತಳು. ಅಂದು ಮುಡಿಯಲ್ಲಿ ಹೂವಿರಲಿಲ್ಲ.

“ಎಲ್ಲರಿಗೂ ಒಂದೇ ಫ್ಲಾಸ್ಕಿನ ಕುರಿ ರಕ್ತ,” ಎಂದ ದೇವರಾಜನ್. ಸೂಜಿ ಚುಚ್ಚಿ ಟ್ಯೂಬಿಗೆ ರಕ್ತ ಎಳೆದುಕೊಂಡ. “ಬೇರೆಯವರದ್ರಲ್ಲೆಲ್ಲ ಹೂ ಬಿಡ್ತಿತ್ತು, ನಿಂದ್ರಲ್ಲಿ ಮಾತ್ರ ಇಲ್ಲ. ನಂಗದು ಗೊತ್ತಿತ್ತು, ಶಿವಗಾಮಿ. ಗೊತ್ತಿದ್ದೂ ಕುರೀನ ಬೈದೆ. ನಿಂಗೇನೂ ಆಗಬಾರ್ದು ಅನ್ನೋ ಆಸೆಗೆ.”

“ನಂಗೂ ಗೊತ್ತಿತ್ತು. ಗಂಟು ಚಿತ್ರೈಯಿಂದ ಐತೆ.”

“ಹೇಳಬಾರ್ದಿತ್ತಾ?”

“ಹೇಳಿದ್ರೆ ಮಂಗಳವಾರ ಕರೀತಿದ್ರಾ?”

ಅವನು ಟ್ಯೂಬನ್ನು ಮೇಜಿನ ಮೇಲಿಟ್ಟ. ಡಾಕ್ಟರಮ್ಮ ಊರೆಲ್ಲ ಹುಡುಕುತ್ತಿದ್ದ ಉತ್ತರ ವಾರವಾರವೂ ಈ ಮೇಜಿಗೇ ಬಂದಿತ್ತು. ಕಾವಲು ಸೋತದ್ದು ಮೊದಲೋ, ಕ್ಯಾನ್ಸರ್ ಬಂದದ್ದು ಮೊದಲೋ ಎಂದು ಹೇಳಬಹುದಾಗಿದ್ದ ಗಾಜುಗಳೆಲ್ಲ ತೊಟ್ಟಿ ಸೇರಿದ್ದವು. ಇಬ್ಬರ ಪ್ರೀತಿಯೂ ಸುಳ್ಳಾಗಿರಲಿಲ್ಲ, ಆದರೆ ಆ ಪ್ರೀತಿಯಿಂದಲೇ ಕಾಲ ಕೈಮೀರಿತ್ತು. ಶಿವಗಾಮಿ ಡಬ್ಬಿಯಿಂದ ಕೆಂಪು ನೂಲು ತೆಗೆದು ತನ್ನ ಟ್ಯೂಬಿಗೆ ತಾನೇ ಕಟ್ಟಿದಳು. ಬಿಳಿಯದನ್ನು ಅವನ ಮುಂದಿಟ್ಟಳು.

“ಇದಕ್ಕೆ ಯಾರು?”

ಅವನು ತನ್ನ ಅಂಗಿಯ ತೋಳು ಮಡಿಸಿದ.

ಬುಧವಾರ ಬೆಳಿಗ್ಗೆ ಹೊರಗೆ ಟ್ಯಾಕ್ಸಿ ನಿಂತಿತ್ತು. ಅವಳು ಮೊದಲು ತನ್ನ ಗಾಜನ್ನೇ ನೋಡಿದಳು. ಎಷ್ಟು ಸರಿಸಿದರೂ ಖಾಲಿ ಖಾಲಿ. ಮೂಲೆಯಲ್ಲೊಂದು ಹೂ, ದೂರದಲ್ಲಿ ಇನ್ನೊಂದು.

“ಪೊಯ್ ಹೇಳಬೇಡಿ ಇವತ್ತು. ಸುಳ್ಳು ಸಾಕು.”

“ಕಮ್ಮಿ ಐತೆ,” ಎಂದ. “ರೊಂಬ ಕಮ್ಮಿ. ಆದ್ರೆ ಇದಾವೆ. ನೀ ಬರೋ ತನಕ ನಾ ಇಲ್ಲೇ ಇರ್ತೀನಿ.”

ಇಷ್ಟು ತಿಂಗಳಲ್ಲಿ ಅವನು ಹೇಳಿದ ಅತಿ ಪ್ರೀತಿಯ ಮಾತು ಇದೇ ಎಂದು ಅವಳಿಗೆ ಅನ್ನಿಸಿತು. ಆಮೇಲೆ ಅವನ ಗಾಜಿಗೆ ಕಣ್ಣಿಟ್ಟಳು. ಒಂದರ ಪಕ್ಕ ಒಂದು, ಎಣಿಸಲಾಗದಷ್ಟು ಹೂ ಅರಳಿದ್ದವು.

“ಅಬ್ಬಾ, ಎಷ್ಟೊಂದುಂಗ ನಿಮ್ಗೆ!” ತಲೆಯೆತ್ತಿ, ಹಳೆಯ ತುಂಟತನದಿಂದಲೇ ಕೇಳಿದಳು. “ನಂಗೂ ಕೊಂಚ ಕೊಡಬಾರ್ದಾ?”

ದೇವರಾಜನ್ ನಗಲಿಲ್ಲ. ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, “ಕೊಡೋ ಹಾಗಿದ್ದಿದ್ರೆ…” ಎಂದ.

ಬಾಗಿಲಾಚೆಯಿಂದ ನಾಚಿಯಮ್ಮ ಕರೆದಳು. ಶಿವಗಾಮಿ “ಬಂದೆ ಅಮ್ಮಾ” ಎಂದಳು, ಆದರೆ ಕೈ ಬಿಡಿಸಿಕೊಳ್ಳಲಿಲ್ಲ.